ಬಿಡುವಿನ ವೇಳೆಯ ಐರಿಸ್‌ಗಳು

ತಂಪು ದೇಶಗಳ ಕೈತೋಟಗಳಲ್ಲಿ ಇಂದು ಅರಳುವ ಐರಿಸ್‌ಗಳ ವಂಶಾವಳಿ ಬಿಡಿಸುತ್ತ ಹೋದರೆ ತೋಟಗಾರಿಕೆಯನ್ನೇ ಓದಿ ಬಂದವರು ಸಿಗುವುದು ಅಪರೂಪ. ಕೇಂಬ್ರಿಜ್‌ನ ಶರೀರಕ್ರಿಯಾಶಾಸ್ತ್ರದ ಪ್ರೊಫೆಸರ್ ಒಬ್ಬರು, ಇಂಡಿಯಾನಾದ ಬ್ಯಾಂಕಿನವರೊಬ್ಬರು, ಶಿಕಾಗೊ ಪಕ್ಕದ ವಕೀಲರೊಬ್ಬರು, ಇಂಗ್ಲೆಂಡಿನ ಚಿತ್ರಕಾರರೊಬ್ಬರು ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಹಗಲು ಹೊಟ್ಟೆಪಾಡಿನ ಕೆಲಸ, ಉಳಿದ ಹೊತ್ತು ಐರಿಸ್ ಮಡಿ. ಹೂವಿನ ಲೋಕದಲ್ಲಿ ಹವ್ಯಾಸಿಗಳು ಎಲ್ಲೆಲ್ಲೂ ಇದ್ದಾರೆ, ನಿಜ. ಆದರೆ ಐರಿಸ್‌ನಲ್ಲಿ ಅವರು ಮಾಡಿದ್ದು ಚೆಂದದ ಹೂ ಆರಿಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ. ಪ್ರಕೃತಿ ಹಾಕಿದ್ದ ಕೆಲವು ಬೇಲಿಗಳನ್ನು ಅವರು ದಾಟಿದರು. ಎಷ್ಟೋ ಸಲ ಅಲ್ಲೊಂದು ಬೇಲಿ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಈ ಹೂ ಅಷ್ಟಾಗಿ ಕಾಣಸಿಗದು. ಹೂ ಬಿಡಲು ಅದಕ್ಕೆ ಚಳಿಗಾಲದ ನಿಜವಾದ ಚಳಿ ಬೇಕು. ನಮ್ಮ ಮುಂಗಾರಿನಲ್ಲಿ ಶುಂಠಿಯಂಥ ಅದರ ಗೆಡ್ಡೆ ಕೊಳೆಯುತ್ತದೆ. ಕಾಶ್ಮೀರಕ್ಕೆ ವಸಂತದಲ್ಲಿ ಹೋದವರು ಅಲ್ಲಿನ ಗೋರಿಗಳ ಮೇಲೆ ಬಿಳಿ, ನೇರಳೆ ಐರಿಸ್ ಅರಳಿದ್ದನ್ನು ನೋಡಿರಬಹುದು. ಆದರೆ ಇದರ ಬಳಗದವರು ನಮಗೆ ಚೆನ್ನಾಗಿ ಪರಿಚಿತರೇ. ಮದುವೆ ಮನೆಯ ಹೂಗುಚ್ಛದಲ್ಲಿ ಉದ್ದಕ್ಕೆ ನಿಲ್ಲುವ ಗ್ಲಾಡಿಯೋಲಸ್ ಇದೇ ಕುಟುಂಬದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಹಲವು ತಳಿಗಳನ್ನು ಬಿಡುಗಡೆ ಮಾಡಿದೆ. ಕೇಸರಿಭಾತಿಗೆ ಹೆಸರು ಕೊಟ್ಟ ಕೇಸರಿಯೂ ಇದೇ ಕುಟುಂಬದ್ದು (ಈಗಿನ ಕೇಸರಿಭಾತಿನಲ್ಲಿ ಇರುವುದು ಹೆಚ್ಚಾಗಿ ಬಣ್ಣದ ಪುಡಿ, ಆ ಮಾತು ಬೇರೆ).

ಐರಿಸ್‌ನ ಒಂದು ಹೂವನ್ನು ಹತ್ತಿರದಿಂದ ನೋಡಿದರೆ ಹವ್ಯಾಸಿಗಳು ಇದಕ್ಕೇಕೆ ಮರುಳಾದರೆಂದು ತಿಳಿಯುತ್ತದೆ. ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಜೋತಿರುತ್ತವೆ. ಜೋತ ಎಸಳಿನ ಬುಡದಲ್ಲಿ ರೋಮದ ಸಣ್ಣ ಸಾಲು, ಅದೇ ಗಡ್ಡ. ಪ್ರತಿ ಜೋತ ಎಸಳಿನ ಮೇಲೂ ಶಲಾಕೆಯ ಒಂದು ಕವಲು ಚಾವಣಿಯಂತೆ ಬಾಗಿರುತ್ತದೆ. ಅವೂ ಎಸಳಿನಷ್ಟೇ ಬಣ್ಣದವು. ಈ ಚಾವಣಿಯಡಿ ಪರಾಗಕೋಶ ಅಡಗಿರುತ್ತದೆ. ಅಂಚಿನ ಹತ್ತಿರ ಪುಟ್ಟ ತುಟಿಯಂಥ ಮಡಿಕೆಯೊಂದಿದೆ, ಪರಾಗ ಹಿಡಿಯುವ ಜಾಗ ಅದೇ. ದುಂಬಿ ಒಳನುಗ್ಗುವಾಗ ಬೆನ್ನಿಗಂಟಿದ ಪರಾಗ ಆ ತುಟಿಗೆ ಸವರಿಕೊಳ್ಳುತ್ತದೆ. ಮಕರಂದ ಕುಡಿದು ಹಿಂದೆ ಸರಿಯುವಾಗ ತುಟಿ ಆಚೆಗೆ ಮಡಚಿಕೊಳ್ಳುವುದರಿಂದ ಅದೇ ಹೂವಿನ ಪರಾಗ ಅದಕ್ಕೆ ತಗಲುವುದಿಲ್ಲ.

ಮನುಷ್ಯ ಇದೇ ಕೆಲಸವನ್ನು ಚಿಮಟದಲ್ಲಿ ಮಾಡುತ್ತಾನೆ. ಬೆಳಿಗ್ಗೆ ಆಗಷ್ಟೇ ಬಿರಿದ ಒಂದು ಹೂವಿನಿಂದ ಪರಾಗಕೋಶ ಕಿತ್ತು ಇನ್ನೊಂದರ ತುಟಿಗೆ ಸವರುವುದು, ದುಂಬಿ ಬಂದು ಕೂರದಂತೆ ಜೋತ ಎಸಳುಗಳನ್ನು ಕಿತ್ತು ಹಾಕುವುದು, ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ ಬರೆದ ಚೀಟಿ ಕಟ್ಟುವುದು. ಇಷ್ಟೇ. ಭಾಗಗಳೆಲ್ಲ ದೊಡ್ಡವಾದ್ದರಿಂದ ಭೂತಗನ್ನಡಿಯೂ ಬೇಡ. ಕಾಯಿ ಬಲಿಯಲು ಸುಮಾರು ಎರಡು ತಿಂಗಳು ಬೇಕು. ಬಿತ್ತಿದ ಬೀಜ ಮೊಳೆಯಲು ಒಂದು ಚಳಿಗಾಲದ ತೇವ ಬೇಕು. ಸಸಿ ಹೂ ಬಿಡಲು ಇನ್ನೂ ಎರಡು ಮೂರು ವರ್ಷ ಹಿಡಿಯುತ್ತದೆ. ಅದರಲ್ಲಿ ಒಂದು ಮನಸ್ಸಿಗೆ ಬಂತೆಂದರೆ ಮುಂದೆ ಬೀಜದ ಗೊಡವೆಯಿಲ್ಲ, ಗೆಡ್ಡೆ ಮುರಿದು ನೆಟ್ಟರಾಯಿತು. ಹೆಸರಿಟ್ಟ ತಳಿಯೊಂದು ಸಾವಿರ ತೋಟಗಳಲ್ಲಿದ್ದರೂ ವಂಶದ ಲೆಕ್ಕದಲ್ಲಿ ಅದು ಒಂದೇ ಗಿಡ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ತೋಟಗಳಲ್ಲಿದ್ದ ಗಡ್ಡದ ಐರಿಸ್‌ಗಳು ಬಹುಪಾಲು ಎರಡು ಕಾಡುಜಾತಿಗಳ ಮಿಶ್ರಣ. ತಿಳಿನೀಲಿಯ ಪಾಲಿಡಾ ಒಂದು, ಹಳದಿ-ಕಂದು ವೇರಿಗೇಟಾ ಇನ್ನೊಂದು. ಹೂ ಚಿಕ್ಕವು, ಬಣ್ಣವೋ ಬಗೆಬಗೆಯವು. ಪ್ಯಾರಿಸ್ಸಿನ ಲೆಮೋನ್ 1844ರಲ್ಲಿ ಹೊರತಂದ 'ಮದಾಮ್ ಶೆರೋ' ಈಗಲೂ ಹಳೆಯ ತೋಟಗಳಲ್ಲಿ ಸಿಗುತ್ತದೆ.

ಈ ಕಥೆಗೆ ತಿರುವು ಕೊಟ್ಟವರು ಸರ್ ಮೈಕೆಲ್ ಫಾಸ್ಟರ್. 1883ರಲ್ಲಿ ಕೇಂಬ್ರಿಜ್‌ನ ಮೊದಲ ಶರೀರಕ್ರಿಯಾಶಾಸ್ತ್ರ ಪ್ರಾಧ್ಯಾಪಕರಾದವರು, ರಾಯಲ್ ಸೊಸೈಟಿಯ ಕಾರ್ಯದರ್ಶಿ, ಕೊನೆಗೆ ಸಂಸತ್ ಸದಸ್ಯರೂ ಆದರು. ಇಷ್ಟೆಲ್ಲದರ ನಡುವೆ ಶೆಲ್‌ಫರ್ಡ್ ಎಂಬ ಹಳ್ಳಿಯ ಮನೆಯಂಗಳದಲ್ಲಿ ಐರಿಸ್ ಕೃಷಿ. ತುರ್ಕಿ, ಸೈಪ್ರಸ್ ಮುಂತಾದ ಕಡೆಗಳಿಂದ ಪಾದ್ರಿಗಳು, ಪ್ರವಾಸಿಗಳು ಅವರಿಗೆ ಗೆಡ್ಡೆ ಕಳಿಸಿಕೊಡುತ್ತಿದ್ದರು. ತುರ್ಕಿಯ ಅಮಾಸ್ಯಾದಿಂದ ಬಂದದ್ದು 'ಅಮಾಸ್' ಎಂದೇ ಹೆಸರಾಯಿತು. ಕಾಶ್ಮೀರದ ಬಿಳಿ ಐರಿಸ್ ಕೂಡ ಅವರ ಮಡಿ ಸೇರಿತು. ಯುರೋಪಿನ ಹಳೆಯ ಗಿಡಗಳ ಪಕ್ಕದಲ್ಲಿ ಇವು ಎತ್ತರಕ್ಕೂ ಹೂವಿನ ಗಾತ್ರಕ್ಕೂ ಎದ್ದು ಕಾಣುತ್ತಿದ್ದವು. ಫಾಸ್ಟರ್ ಎರಡನ್ನೂ ಕೂಡಿಸಿದರು. ಬೀಜ ಕಟ್ಟಿದ್ದು ಕಡಿಮೆ. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವು ಬಂಜೆ. ಅದೇಕೆಂದು ತಿಳಿಯುವ ಮೊದಲೇ, 1907ರಲ್ಲಿ, ಅವರು ತೀರಿಕೊಂಡರು.

ಉತ್ತರ ಸಿಕ್ಕಿದ್ದು 1920ರ ದಶಕದ ಕೊನೆಯ ಹೊತ್ತಿಗೆ, ಫ್ರಾನ್ಸಿನ ಮಾರ್ಕ್ ಸಿಮೋನೆ ಮೊದಲಾದವರು ಐರಿಸ್‌ನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸತೊಡಗಿದಾಗ. ಪಾಲಿಡಾ, ವೇರಿಗೇಟಾಗಳಲ್ಲಿ ಇರುವುದು 24, ಅಂದರೆ 12ರ ಎರಡು ಕಂತು. ತುರ್ಕಿಯ ದೊಡ್ಡ ಹೂಗಳಲ್ಲಿ 48, ಅಂದರೆ ನಾಲ್ಕು ಕಂತು. ಪರಾಗ ಮತ್ತು ಅಂಡಕ್ಕೆ ಹೋಗುವಾಗ ಈ ಸಂಖ್ಯೆ ಅರ್ಧವಾಗುತ್ತದೆ. ಒಂದು ಕಡೆಯಿಂದ 12, ಇನ್ನೊಂದು ಕಡೆಯಿಂದ 24 ಬಂದರೆ ಮಗುವಿಗೆ 36. ಮೂರು ಕಂತಿನ ಗಿಡ ಬೆಳೆಯುತ್ತದೆ, ಹೂವನ್ನೂ ಬಿಡುತ್ತದೆ. ಆದರೆ ತಾನು ಪರಾಗ ಮಾಡುವಾಗ ಜೊತೆಗಾರನಿಲ್ಲದ ವರ್ಣತಂತುಗಳು ಅತ್ತಿತ್ತ ಹಂಚಿಹೋಗಿ ಲೆಕ್ಕ ತಪ್ಪುತ್ತದೆ. ನಂಜನಗೂಡಿನ ರಸಬಾಳೆಯಲ್ಲಿ ಬೀಜವಿಲ್ಲದಿರುವುದಕ್ಕೂ ಮೂರು ಕಂತಿನ ಈ ಗೊಂದಲ ಒಂದು ಕಾರಣ. ಕೇಸರಿ ಗಿಡದ್ದೂ ಇದೇ ಪಾಡು. ಅದರಲ್ಲಿ 8ರ ಮೂರು ಕಂತು, ಹಾಗಾಗಿ ಅದನ್ನು ಗೆಡ್ಡೆಯಿಂದಲೇ ಬೆಳೆಯಬೇಕು.

ಆದರೂ ಫಾಸ್ಟರ್ ಮತ್ತು ಅವರ ನಂತರದವರ ಮಡಿಗಳಲ್ಲಿ ಒಂದೊಂದು ಸಸಿ ಬಂಜೆಯಾಗದೆ ಉಳಿಯಿತು. ಎರಡು ಕಂತಿನ ಗಿಡ ಎಂದೋ ಒಮ್ಮೆ ಅರ್ಧ ಮಾಡುವುದನ್ನು ಬಿಟ್ಟು ಇಡೀ 24ನ್ನೂ ಪರಾಗಕ್ಕೋ ಅಂಡಕ್ಕೋ ದಾಟಿಸಿಬಿಡುತ್ತದೆ. ಆಗ 24ಕ್ಕೆ 24 ಸೇರಿ ಪೂರ್ತಿ 48. ಇಂದಿನ ಎತ್ತರದ ಗಡ್ಡದ ಐರಿಸ್‌ಗಳೆಲ್ಲ ಹೆಚ್ಚೂಕಡಿಮೆ ಇಂಥ ಆಕಸ್ಮಿಕಗಳ ಸಂತಾನ. ಇಂಗ್ಲೆಂಡಿನ ಡೆವನ್‌ನಲ್ಲಿ ಎ. ಜೆ. ಬ್ಲಿಸ್ 1917ರಲ್ಲಿ ಹೊರತಂದ 'ಡೊಮಿನಿಯನ್', ಇಂಡಿಯಾನಾದ ಬ್ಲಫ್ಟನ್ ಊರಿನ ಇ. ಬಿ. ವಿಲಿಯಮ್ಸನ್ 1918ರಲ್ಲಿ ತಂದೆಯ ಹೆಸರಿಟ್ಟು ಹೊರತಂದ 'ಲೆಂಟ್ ಎ. ವಿಲಿಯಮ್ಸನ್' ಆ ಮೊದಲ ತಲೆಮಾರಿನವು. ವಿಲಿಯಮ್ಸನ್ ಬ್ಯಾಂಕಿನವರು, ಜೊತೆಗೆ ಏರೋಪ್ಲೇನ್ ಚಿಟ್ಟೆಗಳ ದೊಡ್ಡ ತಜ್ಞರು. ಐರಿಸ್ ಅವರ ಎರಡನೆಯ ಹುಚ್ಚು.

ನಾಲ್ಕು ಕಂತು ಬಂದದ್ದರಿಂದ ಹೂ ದೊಡ್ಡದಾಯಿತು, ಎಸಳು ದಪ್ಪವಾಯಿತು. ಆದರೆ ಬಣ್ಣ ಹುಡುಕುವವರ ಕಷ್ಟವೂ ಹೆಚ್ಚಿತು. ಶಿಕಾಗೊ ಪಕ್ಕದ ವಿಲ್ಮೆಟ್‌ನಲ್ಲಿದ್ದ ವಕೀಲ ಡೇವಿಡ್ ಹಾಲ್ ಅವರ ಗುಲಾಬಿ ಬಣ್ಣದ ಹಟ ಇದಕ್ಕೆ ಒಳ್ಳೆಯ ಉದಾಹರಣೆ. ಐರಿಸ್‌ನಲ್ಲಿ ನೀಲಿ-ನೇರಳೆ ಬರುವುದು ಆಂಥೋಸಯನಿನ್‌ನಿಂದ, ಹಳದಿ ಬರುವುದು ಕ್ಯಾರೊಟಿನಾಯ್ಡ್‌ಗಳಿಂದ. ಹಾಲ್ ಅರಸುತ್ತಿದ್ದ ಗುಲಾಬಿ ಛಾಯೆಗೆ ಲೈಕೋಪೀನ್ ಬೇಕು, ಟೊಮೆಟೊವನ್ನು ಕೆಂಪಾಗಿಸುವುದೂ ಅದೇ. ಅದನ್ನು ಹೊರಗೆ ತೋರಿಸುವ ಗುಣ ದುರ್ಬಲ ಜಾತಿಯದು. ನಾಲ್ಕು ಕಂತುಗಳಲ್ಲೂ ಅದೇ ಇದ್ದರಷ್ಟೇ ಬಣ್ಣ ಮೂಡುತ್ತದೆ.

ಎರಡು ಪ್ರಬಲ, ಎರಡು ದುರ್ಬಲ ಪ್ರತಿಗಳಿರುವ ಗಿಡವೊಂದು ಇದೆಯೆನ್ನಿ. ಪರಾಗಕ್ಕೆ ನಾಲ್ಕರಲ್ಲಿ ಎರಡು ಹೋಗಬೇಕು. ಹಾಗೆ ಎರಡನ್ನು ಆರಿಸಲು ಆರು ದಾರಿಗಳಿವೆ, ಎರಡೂ ದುರ್ಬಲವಾಗಿರುವುದು ಒಂದರಲ್ಲಿ ಮಾತ್ರ. ಅಂಡಕ್ಕೂ ಅದೇ ಲೆಕ್ಕ. ಆರು ಆರಲಿ ಮೂವತ್ತಾರು. ಇಂಥ ಎರಡು ಗಿಡ ಕೂಡಿಸಿದರೆ 36 ಸಸಿಗಳಿಗೆ ಒಂದರಂತೆ ಗುಲಾಬಿ ಬಣ್ಣ ಸಿಕ್ಕೀತು. ಮೆಂಡಲರ ಬಟಾಣಿಯಲ್ಲಾಗಿದ್ದರೆ ನಾಲ್ಕಕ್ಕೆ ಒಂದು ಸಿಗುತ್ತಿತ್ತು. ಆ ಒಂದರಲ್ಲೂ ಕಾಂಡ ಬಾಗಿರಬಹುದು, ಎಸಳು ಸುಕ್ಕಾಗಿರಬಹುದು, ಗಿಡ ರೋಗಕ್ಕೆ ಬೀಳಬಹುದು. ಹಾಲ್ 1940ರ ದಶಕದಲ್ಲಿ ಗುಲಾಬಿ ಐರಿಸ್‌ಗಳನ್ನು ಹೊರತಂದರು. ಗುಲಾಬಿ ಎಸಳು, ಕಿತ್ತಳೆ-ಕೆಂಪು ಗಡ್ಡ. ಅವುಗಳಲ್ಲಿ 'ಶೆರೀ'ಗೆ 1951ರಲ್ಲಿ ಡೈಕ್ಸ್ ಪದಕ ಸಿಕ್ಕಿತು. ಐರಿಸ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ. ಆ ಪದಕದ ಹೆಸರೂ ಒಬ್ಬ ಹವ್ಯಾಸಿಯದೇ. ಡೈಕ್ಸ್ ಶಾಲಾ ಮೇಷ್ಟ್ರಾಗಿದ್ದುಕೊಂಡು 1913ರಲ್ಲಿ ಐರಿಸ್ ಕುಲದ ಬಗ್ಗೆ ಬೃಹತ್ ಗ್ರಂಥ ಬರೆದವರು.

ನನ್ನ ಲೆಕ್ಕದಲ್ಲಿ ಇವರೆಲ್ಲರಿಗಿಂತ ಜಾಣರು ಪಾಲ್ ಕುಕ್. ವಿಲಿಯಮ್ಸನ್ನರ ಬ್ಲಫ್ಟನ್ ಊರಿನವರೇ. ಆ ಹೊತ್ತಿಗೆ ವರ್ಣತಂತುಗಳ ಸಂಖ್ಯೆ ಗೊತ್ತಾಗಿತ್ತು. ಪೂರ್ವ ಯುರೋಪಿನ ಪುಮಿಲಾ ಎಂಬ ಕುಳ್ಳ ಐರಿಸ್‌ನಲ್ಲಿ ಇರುವುದು 32, ಅಂದರೆ 8ರ ನಾಲ್ಕು ಕಂತು. ಅದನ್ನು 48ರ ಎತ್ತರದ ಐರಿಸ್‌ನೊಂದಿಗೆ ಕೂಡಿಸಿದರೆ 24 ಮತ್ತು 16, ಒಟ್ಟು 40. ನೋಡಿದರೆ ಇದೂ ಬಂಜೆಯಾಗಬೇಕಾದ ಮಿಶ್ರಣ. ಹಾಗಾಗುವುದಿಲ್ಲ. ಎತ್ತರದ ಗಿಡದಿಂದ ಬಂದ 24ರಲ್ಲಿ 12ರ ಎರಡು ಕಂತಿರುವುದರಿಂದ ಅವು ತಮ್ಮತಮ್ಮಲ್ಲೇ ಜೊತೆಗೂಡುತ್ತವೆ. ಕುಳ್ಳ ಗಿಡದ 16ರಲ್ಲಿ 8ರ ಎರಡು ಕಂತು, ಅವೂ ತಮ್ಮತಮ್ಮಲ್ಲೇ ಜೊತೆಗೂಡುತ್ತವೆ. ಒಂಟಿಯಾಗಿ ಉಳಿಯುವುದು ಯಾವುದೂ ಇಲ್ಲ. ಕುಕ್ ಮತ್ತು ಟೆನೆಸಿಯ ಗೆಡ್ಡೀಸ್ ಡಗ್ಲಸ್ ಪರಾಗ ಹಂಚಿಕೊಂಡು ಈ ಮಿಶ್ರಣ ಮಾಡಿದರು. 1951ರ 'ಗ್ರೀನ್ ಸ್ಪಾಟ್' ಮೊದಲಾದವು ಒಂದಡಿ ಆಸುಪಾಸಿನ ಗಿಡಗಳು, ಎತ್ತರದವಕ್ಕಿಂತ ಮೊದಲೇ ಅರಳುವವು, ಬೀಜವನ್ನೂ ಸರಾಗವಾಗಿ ಕಟ್ಟುವವು. ಅಲ್ಲಿಯವರೆಗೆ ಇಲ್ಲದಿದ್ದ ಒಂದು ವರ್ಗವೇ ಹೀಗೆ ಹುಟ್ಟಿಕೊಂಡಿತು. ಅದರ ಉತ್ತಮ ತಳಿಗೆ ಈಗ ಕುಕ್-ಡಗ್ಲಸ್ ಪದಕ ಕೊಡುತ್ತಾರೆ.

ಕುಕ್ ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತಲೂ ಇಷ್ಟ. ಬಾಲ್ಕನ್ ಬೆಟ್ಟಗಳ ರೈಕೆನ್‌ಬಾಕಿ ಎಂಬ ಮಂಕು ಬಣ್ಣದ ಗಿಡ್ಡ ಐರಿಸ್ಸನ್ನು ಅವರು ಎತ್ತರದ ನೀಲಿ ಐರಿಸ್‌ಗೆ ಕೂಡಿಸಿದರು. ಹುಟ್ಟಿದ ಸಸಿಗಳಲ್ಲಿ ಒಂದರ ಮೇಲಿನ ಎಸಳು ಬಿಳಿಚಿಕೊಂಡಿತ್ತು, ಕೆಳಗಿನವು ನೀಲಿಯಾಗಿದ್ದವು. ಬಿಳಿ-ನೀಲಿಯ ಈ ಜೋಡಿ ಹಳೆಯ ತಳಿಗಳಲ್ಲೂ ಇತ್ತು. ಆದರೆ ಅಲ್ಲಿ ಅದು ದುರ್ಬಲ ಗುಣ, ಹಿಡಿದಿಡುವುದು ಕಷ್ಟ. ಈ ಸಸಿಯಲ್ಲಿ ಮೇಲಿನ ಎಸಳಿನ ನೀಲಿಯನ್ನು ಅಳಿಸುವ ಗುಣ ಪ್ರಬಲವಾಗಿತ್ತು, ಒಂದೇ ಪ್ರತಿ ಇದ್ದರೂ ಕೆಲಸ ಮಾಡುವಂಥದು. ಸಸಿಯೇನೋ ನೋಡಲು ಸುಮಾರು, ಹೂ ಚಿಕ್ಕದು. ಗಿಡ ಮಾರಿ ಬದುಕುವವರು ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರೇನೊ. ಕುಕ್ ಮೂಲಪುರುಷ ಎಂಬ ಅರ್ಥದ 'ಪ್ರೊಜೆನಿಟರ್' ಹೆಸರಿಟ್ಟು ಅದನ್ನು ಇಟ್ಟುಕೊಂಡರು. ಅದರ ಮಕ್ಕಳನ್ನು ಎತ್ತರದ ತಳಿಗಳಿಗೆ ಮತ್ತೆ ಮತ್ತೆ ಕೂಡಿಸುತ್ತ ಹೋದರು. ಆ ವಂಶದ 'ಹೋಲ್ ಕ್ಲಾತ್' 1958ರಲ್ಲಿ ಹೊರಬಂತು, 1962ರಲ್ಲಿ ಡೈಕ್ಸ್ ಪದಕ ಗೆದ್ದಿತು. ಬಿಳಿ ಮೇಲೆಸಳಿನ ಇಂದಿನ ಎಷ್ಟೋ ಐರಿಸ್‌ಗಳ ಅಜ್ಜ ಆ ಅಂದವಿಲ್ಲದ ಸಸಿ. ಬಿಡುವಿನ ವೇಳೆಯ ತಳಿಗಾರನಿಗಿರುವ ಅನುಕೂಲ ಇದು: ಅವನ ಮಡಿಯಲ್ಲಿ ಕುರೂಪಿ ಗಿಡಕ್ಕೂ ಜಾಗವಿದೆ, ಈ ವರ್ಷವೇ ಅದು ಸಂಪಾದಿಸಬೇಕಾಗಿಲ್ಲ.

ಚಿತ್ರಕಾರ ಸೆಡ್ರಿಕ್ ಮಾರಿಸ್ ಹಿಡಿದದ್ದು ಬೇರೆ ದಾರಿ. ಸಫೋಕ್‌ನ ಬೆಂಟನ್ ಎಂಡ್ ಮನೆಯಲ್ಲಿ ಚಿತ್ರಕಲಾ ಶಾಲೆ ನಡೆಸುತ್ತ ವರ್ಷಕ್ಕೆ ಸಾವಿರದಷ್ಟು ಸಸಿ ಬೆಳೆಸುತ್ತಿದ್ದರು. ಅವರ ಕಣ್ಣಿಗೆ ಬೇಕಿದ್ದದ್ದು ಬೂದುಬೆರೆತ, ಧೂಳುಗಟ್ಟಿದಂಥ ಬಣ್ಣಗಳು. ಅವರು ಹೆಸರಿಟ್ಟ ತಳಿಗಳು ಸುಮಾರು 90. ಅವುಗಳಲ್ಲಿ ಎಷ್ಟೋ ಕಣ್ಮರೆಯಾಗಿದ್ದವು. ಸಿಸಿಂಗ್‌ಹರ್ಸ್ಟ್ ತೋಟದ ಮುಖ್ಯಸ್ಥೆಯಾಗಿದ್ದ ಸಾರಾ ಕುಕ್ ಅವುಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿ 2015ರ ಚೆಲ್ಸಿ ಪ್ರದರ್ಶನದಲ್ಲಿ ಮತ್ತೆ ಜನರ ಮುಂದಿಟ್ಟರು.

ಇಷ್ಟೆಲ್ಲ ಆದರೂ ಒಂದು ಬಣ್ಣ ಯಾರ ಮಡಿಯಲ್ಲೂ ಅರಳಿಲ್ಲ. ಅಂಚೆ ಪೆಟ್ಟಿಗೆಯ ಅಚ್ಚ ಕೆಂಪು. ಕೆಂಪೆಂದು ಮಾರುವ ಐರಿಸ್‌ಗಳೆಲ್ಲ ಕಂದುಗೆಂಪು, ಇಟ್ಟಿಗೆಗೆಂಪು, ದ್ರಾಕ್ಷಾರಸದ ಕೆಂಪು. ಅಚ್ಚ ಕೆಂಪಿಗೆ ಬೇಕಾದ ಪೆಲಾರ್ಗೊನಿಡಿನ್ ವರ್ಣದ್ರವ್ಯ ಐರಿಸ್ ಎಸಳಿನಲ್ಲಿ ತಯಾರಾಗುವುದಿಲ್ಲ. ಕುಲದಲ್ಲೇ ಇಲ್ಲದ್ದನ್ನು ಚಿಮಟದಿಂದ ತರಲಾಗದು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಲೈಕೋಪೀನ್ ಕಡೆಯಿಂದ ದಾರಿ ಹುಡುಕಿದರು. 'ಫೈರ್ ಬ್ರೈಡ್' ಎಂಬ ತಳಿಗೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಅದು ಹೂ ಬಿಡುವವರೆಗೆ ಕಾದು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸಿರಾಗಿರಬೇಕಿದ್ದ ಹೂದಂಟು ಮತ್ತು ಅಂಡಾಶಯ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು, ಬಿಳಿ ಪರಾಗಕೋಶ ಗುಲಾಬಿಯಾಗಿತ್ತು. ಎಸಳಿನ ಬಣ್ಣ ಮಾತ್ರ ಮೊದಲಿದ್ದ ಹಾಗೆಯೇ ಇತ್ತು.