72 ಗಜ ಬಟ್ಟೆಯ ಲೆಕ್ಕ

ಕನಿಷ್ಠ ವೇತನದ ಮಾತು ಬಂದಾಗಲೆಲ್ಲ ನಮ್ಮ ಸ್ಟುಡಿಯೋದಲ್ಲಿ ಚರ್ಚೆ ಒಂದೇ ದಾರಿ ಹಿಡಿಯುತ್ತೆ. ಕಾರ್ಮಿಕ ಮುಖಂಡರು 'ಈ ಸಂಬಳದಲ್ಲಿ ಬದುಕೋಕಾಗಲ್ಲ' ಅಂತಾರೆ. ಉದ್ಯಮಿಗಳು 'ಇದಕ್ಕಿಂತ ಜಾಸ್ತಿ ಕೊಟ್ರೆ ಕಾರ್ಖಾನೆ ಮುಚ್ಚಬೇಕಾಗುತ್ತೆ' ಅಂತಾರೆ. ಅಷ್ಟರಲ್ಲಿ ಬ್ರೇಕ್ ಬರುತ್ತೆ. ಬದುಕೋಕೆ ಎಷ್ಟು ಬೇಕು ಅನ್ನೋದನ್ನ ಹೇಗೆ ಲೆಕ್ಕ ಹಾಕ್ತಾರೆ ಅನ್ನೋ ಪ್ರಶ್ನೆ ಮಾತ್ರ ಮೇಜಿನ ಮೇಲೆ ಬರೋದೇ ಇಲ್ಲ. ಇವತ್ತು ಅದನ್ನೇ ಮಾತಾಡೋಣ.

ಕನಿಷ್ಠ ವೇತನ ಬೇರೆ, ಜೀವನ ವೇತನ ಬೇರೆ. ಮೊದಲನೆಯದಕ್ಕೆ 1948ರಲ್ಲೇ ಕಾಯ್ದೆ ಬಂತು. ಅದಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆಗೆ ಸಮ ಅಂತ 1982ರಲ್ಲಿ, ದೆಹಲಿ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯದು ಇರೋದು ಸಂವಿಧಾನದ 43ನೇ ವಿಧಿಯಲ್ಲಿ. ದುಡಿಯುವವರಿಗೆ ಜೀವನ ವೇತನ, ಮರ್ಯಾದೆಯ ಬದುಕು, ಬಿಡುವು ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತೆ. ಆದರೆ ಅದು ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ 'ನನಗೆ ಕೊಡಿಸಿ' ಅಂತ ಕೇಳೋ ಹಾಗಿಲ್ಲ.

ಹಾಗಾದ್ರೆ ಕನಿಷ್ಠದ ಒಳಗೆ ಏನೇನಿದೆ? 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಮಾಡ್ತು. ದುಡಿಯುವ ಗಂಡಸು ಒಂದು ಪಾಲು, ಹೆಂಡತಿ 0.8, ಎರಡು ಮಕ್ಕಳು ತಲಾ 0.6. ಒಟ್ಟು ಮೂರು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ನಾಲ್ಕು ಜನಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಒಂದಿಷ್ಟು ಮನೆ ಬಾಡಿಗೆ. ಉರುವಲು, ದೀಪ, ಮಿಕ್ಕ ಚಿಲ್ಲರೆ ಖರ್ಚಿಗೆ ಒಟ್ಟು ಕೂಲಿಯ ಶೇ. 20. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆ ಇವೆಲ್ಲ ಸೇರಬೇಕು, ಅದಕ್ಕೆ ಶೇ. 25 ಇರಲಿ ಅಂತ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 1991 ಆಗಿತ್ತು. ಅಂದ್ರೆ ಕೂಲಿಕಾರರ ಮಕ್ಕಳು ಸ್ಕೂಲಿಗೂ ಹೋಗ್ತಾರೆ ಅನ್ನೋದು ಲೆಕ್ಕದ ಪುಸ್ತಕಕ್ಕೆ ಬರೋಕೆ 34 ವರ್ಷ ಬೇಕಾಯ್ತು.

ಆ 72 ಗಜವನ್ನ ಸ್ವಲ್ಪ ಬಿಡಿಸಿ ನೋಡಿ. ತಲೆಗೆ 18 ಗಜ. ಆರು ಗಜದ ಸೀರೆ ಅಂದುಕೊಂಡರೆ ವರ್ಷಕ್ಕೆ ಮೂರು, ರವಿಕೆ ಬಟ್ಟೆ ಸೇರದೆ. ಈಗ ಬೊಮ್ಮನಹಳ್ಳಿಯಲ್ಲೋ ಪೀಣ್ಯದಲ್ಲೋ ಒಂದು ಗಾರ್ಮೆಂಟ್ ಕಾರ್ಖಾನೆ ಒಳಗೆ ಹೋಗಿ. ಲೈನಿನಲ್ಲಿ ಕೂತಿರೋ ಬಹುಪಾಲು ಜನ ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಆ ತಾಯಿಯ ಕೈಯಲ್ಲಿ ಒಂದು ದಿನಕ್ಕೆ ಎಷ್ಟು ಗಜ ಬಟ್ಟೆ ದಾಟಿ ಹೋಗುತ್ತೋ ಲೆಕ್ಕ ಇಟ್ಟವರಿಲ್ಲ. ಆಕೆಯ ಮನೆಗೆ ವರ್ಷಕ್ಕೆ ಎಷ್ಟು ಗಜ ಸಾಕು ಅನ್ನೋದಕ್ಕೆ ಮಾತ್ರ ಸೂತ್ರ ಇದೆ! ಇನ್ನೊಂದು ತಮಾಷೆ ಅಂದ್ರೆ, ಆ ಸೂತ್ರದಲ್ಲಿ ದುಡಿಯೋನು ಗಂಡ, ಆಕೆ 0.8. ವಾಸ್ತವದಲ್ಲಿ ಎಷ್ಟೋ ಮನೆಗಳಲ್ಲಿ ತಿಂಗಳ ಕೊನೆಗೆ ಖಚಿತವಾಗಿ ಬರೋದು ಆಕೆಯ ಸಂಬಳ ಒಂದೇ. ಊರಲ್ಲಿರೋ ಅಪ್ಪ ಅಮ್ಮ, ಅತ್ತೆ ಮಾವ ಆ ಲೆಕ್ಕದಲ್ಲೇ ಇಲ್ಲ.

ಕನಿಷ್ಠಕ್ಕೂ ಬದುಕಿಗೂ ನಡುವೆ ಇರೋ ಈ ಕಂದಕವನ್ನ ಆಕೆ ಹೇಗೆ ತುಂಬ್ತಾಳೆ? 2016ರ ಏಪ್ರಿಲ್‌ನಲ್ಲಿ ಅದು ಇಡೀ ದೇಶಕ್ಕೆ ಕಾಣ್ತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡ್ತು. ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಎರಡು ದಿನ ಬೆಂಗಳೂರು ಸ್ತಬ್ಧ. ನಿಯಮ ವಾಪಸ್. ಪಿಎಫ್ ಮುಪ್ಪಿಗೆ ಇಟ್ಟ ಹಣ, ಅದನ್ನ ಮುಟ್ಟಬೇಡಿ ಅಂದ್ರೆ ಇಷ್ಟು ಸಿಟ್ಟು ಯಾಕೆ ಅಂತ ಆಗ ತುಂಬಾ ಜನ ಕೇಳಿದರು. ಕೆಲಸ ಬಿಡೋದು, ಪಿಎಫ್ ತೆಗೆಯೋದು, ಸಾಲ ತೀರಿಸೋದು, ಮಗಳ ಫೀಸ್ ಕಟ್ಟೋದು, ಪಕ್ಕದ ಕಾರ್ಖಾನೆಗೆ ಹೊಸಬಳಾಗಿ ಸೇರೋದು. ಅಲ್ಲಿ ಇದು ರೂಢಿ. ತಿಂಗಳ ಸಂಬಳ ಸಾಲದ್ದಕ್ಕೆ ಮುಪ್ಪನ್ನ ಕಂತಿನಲ್ಲಿ ಖರ್ಚು ಮಾಡ್ತಿದ್ದಾರೆ, ಅಷ್ಟೇ.

2020ರಲ್ಲಿ ಇನ್ನೊಂದು ನಡೀತು. ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಬೇಕು. ಆ ವರ್ಷದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಹೇಳಿ ರಾಜ್ಯ ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು. ಆದರೂ ದೊಡ್ಡ ಗಾರ್ಮೆಂಟ್ ಕಾರ್ಖಾನೆ ಬಾಕಿ ಕೊಡೋಕೆ ಒಪ್ಪೋ ಹೊತ್ತಿಗೆ 2022 ಬಂದಿತ್ತು.

ಸರಿ, ಉದ್ಯಮಿಗಳ ಮಾತಿಗೆ ಬರೋಣ. 'ನಾವು ಕೊಡೋಕೆ ಹೋದ್ರೆ ಆರ್ಡರ್ ಬಾಂಗ್ಲಾದೇಶಕ್ಕೆ ಹೋಗುತ್ತೆ' ಅಂತಾರೆ. ಇದು ಬರೀ ನೆಪ ಅಂತ ನಾನು ಹೇಳಲ್ಲ. ಬೆಲೆ ನಿಗದಿ ಮಾಡೋನು ಪೀಣ್ಯದ ಮಾಲೀಕ ಅಲ್ಲ, ವಿದೇಶದ ಬ್ರ್ಯಾಂಡ್. ಅವನು ಒಂದು ಶರ್ಟಿಗೆ ಇಷ್ಟೇ ಅಂದ್ರೆ ಇಷ್ಟೇ. ಬಟ್ಟೆ, ಗುಂಡಿ, ಕರೆಂಟು, ಸಾಗಣೆ ಇವು ಯಾವುದರಲ್ಲೂ ಮಾಲೀಕ ಹೆಚ್ಚು ಕತ್ತರಿಸೋಕಾಗಲ್ಲ. ಕತ್ತರಿ ಬೀಳೋದು ಹೊಲಿದವಳ ಕೂಲಿಗೆ.

ಆದರೆ ನಮ್ಮ ರಾಜ್ಯದೊಳಗೇ ಏನಾಗ್ತಿದೆ ನೋಡಿ. ಕನಿಷ್ಠ ವೇತನ ವಲಯವಾರು ಇದೆ. ಬೆಂಗಳೂರಿನ ವಲಯದಲ್ಲಿ ಹೆಚ್ಚು, ಜಿಲ್ಲೆಗಳಲ್ಲಿ ಕಡಿಮೆ. ಹಾಗಾಗಿ ಕಾರ್ಖಾನೆಗಳು ಮಂಡ್ಯ, ಹಾಸನ, ತುಮಕೂರಿನ ಕಡೆ ಹೋದವು. ಅಲ್ಲಿಯ ಹೆಣ್ಣುಮಕ್ಕಳಿಗೆ ಕೆಲಸ ಸಿಕ್ತು, ಒಳ್ಳೇದೇ. ಆದರೆ ಗ್ಯಾಸ್ ಸಿಲಿಂಡರ್, ಎಣ್ಣೆ, ಔಷಧಿ ಮಂಡ್ಯದಲ್ಲಿ ಅಗ್ಗ ಅಂತ ಯಾರಾದ್ರೂ ಕೇಳಿದ್ದೀರಾ? ಬಾಡಿಗೆ ಕಡಿಮೆ ಇರಬಹುದು. ಆ ಒಂದಕ್ಕೆ ಇಡೀ ಕೂಲಿ ಇಳಿಸೋದು ನನಗೆ ಒಪ್ಪಿಗೆ ಇಲ್ಲ.

ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ಯಮಕ್ಕೆ ಇರೋ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಅದು ಒಬ್ಬ ಮಾಲೀಕನ ಮೇಲೆ ಮಾತ್ರ ಬಿದ್ದರೆ ಅನ್ಯಾಯ; ಎಲ್ಲರ ಮೇಲೂ ಒಟ್ಟಿಗೆ ಬಿದ್ದರೆ ಅಲ್ಲ. ತಳ ಒಂದೇ ಇದ್ದರೆ ಬ್ರ್ಯಾಂಡಿನವನು ಬೆಂಗಳೂರಿಗೂ ಜಾರ್ಖಂಡಿಗೂ ನಡುವೆ ಚೌಕಾಸಿ ಮಾಡೋಕಾಗಲ್ಲ. ಈ ತಳಕ್ಕೆ ರಾಷ್ಟ್ರೀಯ ಮಟ್ಟದ ಕನಿಷ್ಠ ಕೂಲಿ ಅಂತ ಹೆಸರು. 2019ರ ಆರಂಭದಲ್ಲಿ ಅನೂಪ್ ಸತ್ಪತಿ ಅವರ ತಜ್ಞ ಸಮಿತಿ ಕುಟುಂಬದ ಪಾಲನ್ನ 3ರಿಂದ 3.6ಕ್ಕೆ ಏರಿಸಿ, ದಿನಕ್ಕೆ 375 ರೂಪಾಯಿ ಬೇಕು ಅಂತು. ಅದೇ ವರ್ಷ ಸರ್ಕಾರ ಘೋಷಿಸಿದ್ದು 178 ರೂಪಾಯಿ. ಹಿಂದಿನದಕ್ಕಿಂತ ಎರಡು ರೂಪಾಯಿ ಜಾಸ್ತಿ.

ರಾಜ್ಯದಲ್ಲಿ ಕೂಲಿ ಪರಿಷ್ಕರಣೆಯ ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸೋಕೆ ಕಾನೂನು ಎರಡು ತಿಂಗಳು ಕೊಡುತ್ತೆ. ಮಾಲೀಕರ ಸಂಘಗಳು ವಕೀಲರನ್ನ ಇಟ್ಟು ಬರೆಸುತ್ತವೆ. ಲೈನಿನಲ್ಲಿ ಕೂತವರಿಗೆ ಕರಡು ಬಂದಿರೋದೇ ಗೊತ್ತಿರಲ್ಲ. ಮುಂದಿನ ಕರಡು ಬಂದಾಗ ಅದರಲ್ಲಿ ಎಷ್ಟು ಗಜ ಬಟ್ಟೆ, ಎಷ್ಟು ಬಾಡಿಗೆ, ಎಷ್ಟು ಫೀಸ್ ಹಿಡಿದಿದ್ದಾರೆ ಅನ್ನೋ ಪಟ್ಟಿಯನ್ನ ಈ ಕಾರ್ಯಕ್ರಮದಲ್ಲೇ ಸಾಲು ಸಾಲಾಗಿ ಓದಿ ಹೇಳ್ತೀನಿ.