ಕೇಳಿ ತಯಾರಿಸಿದ ಸಾಧನ: ವಿಕಲಚೇತನರ ಸಲಕರಣೆಗಳ ಉದ್ಯಮಕ್ಕೊಂದು ಲೆಕ್ಕಾಚಾರ

ಕೆಲವು ವರ್ಷಗಳ ಹಿಂದೆ ನಗರದ ಒಂದು ಸೇವಾ ಸಂಸ್ಥೆಗೆ ನಾನು ಖಜಾಂಚಿಯಾಗಿದ್ದೆ. ವಿಕಲಚೇತನರಿಗೆ ಗಾಲಿಕುರ್ಚಿ ವಿತರಿಸಲು ನಾಲ್ಕು ದರಪಟ್ಟಿಗಳನ್ನು ತರಿಸಿ, ಅತಿ ಕಡಿಮೆ ದರದ್ದಕ್ಕೆ ಸಹಿ ಹಾಕಿದೆ. ಎಲ್ಲವೂ ಒಂದೇ ಅಳತೆಯವು. ಒಂದು ವರ್ಷ ಕಳೆದು ಭೌತಿಕ ಪರಿಶೀಲನೆಗೆಂದು ಫಲಾನುಭವಿಗಳ ಮನೆಗಳಿಗೆ ಹೋದಾಗ ಕಂಡದ್ದೇ ಬೇರೆ. ಒಂದು ಮನೆಯಲ್ಲಿ ಮಳೆಗೆ, ಉಪ್ಪುಗಾಳಿಗೆ ಬೇರಿಂಗ್ ತುಕ್ಕು ಹಿಡಿದು ಕುರ್ಚಿ ಮೂಲೆ ಸೇರಿತ್ತು. ಇನ್ನೊಂದೆಡೆ ದೊಡ್ಡವರ ಕುರ್ಚಿಯಲ್ಲಿ ಕುಳಿತ ಬಾಲಕನ ಕೈ ಚಕ್ರಕ್ಕೇ ಎಟುಕುತ್ತಿರಲಿಲ್ಲ. ಮತ್ತೊಂದು ಮನೆಯಿಂದ ರಸ್ತೆಗೆ ಬರಲು ಹತ್ತಾರು ಮುರಕಲ್ಲಿನ ಮೆಟ್ಟಿಲುಗಳಿದ್ದವು. ಆ ಮನೆಯವರು, "ಕೊಡುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ ಸಾರ್" ಎಂದರು. ನನ್ನ ನಗದು ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಅಂದಿನ ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಬಳಸುವವರನ್ನು ಕೇಳದೆ ತಯಾರಿಸಿದ ಅಥವಾ ಖರೀದಿಸಿದ ಸಾಧನವು ಸತ್ತ ದಾಸ್ತಾನಿಗೆ ಸಮಾನ. ಕೇಳಿ ತಯಾರಿಸುವುದು ದಾನಧರ್ಮವಲ್ಲ. ಉತ್ತಮ ಉತ್ಪಾದನಾ ಪದ್ಧತಿ.

ಬೇಡಿಕೆಯ ವ್ಯಾಪ್ತಿ

2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವೈಕಲ್ಯದ ವಿಧಗಳನ್ನು 21ಕ್ಕೆ ಏರಿಸಿದೆ. ಎಲ್ಲರೂ ಬಳಸಬಹುದಾದ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆ ಮತ್ತು ವಿತರಣೆಯನ್ನು ಸರ್ಕಾರವು ಉತ್ತೇಜಿಸಬೇಕೆಂದು ಅದರ 43ನೆಯ ಪ್ರಕರಣ ಹೇಳುತ್ತದೆ. ಮಂಡಿನೋವಿನ ಹಿರಿಯರು, ಅಪಘಾತದಿಂದ ಚೇತರಿಸಿಕೊಳ್ಳುತ್ತಿರುವವರು ಸಹ ಇಂತಹ ಸಾಧನಗಳ ಗ್ರಾಹಕರೇ. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ತಿಳಿಸಿವೆ.

ಎರಡು ನಿದರ್ಶನಗಳು

ಮೊದಲನೆಯದು 1968ರ ಸುಮಾರಿಗೆ ರೂಪುಗೊಂಡ ಜೈಪುರ ಕಾಲು. ಆಗ ಲಭ್ಯವಿದ್ದ ವಿದೇಶಿ ಮಾದರಿಯ ಕೃತಕ ಪಾದವು ಬೂಟಿನೊಳಗೆ ಇರಬೇಕಾದದ್ದು. ನಮ್ಮ ರೈತ ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿಯವರು ಈ ಅಗತ್ಯಗಳನ್ನೇ ಮುಂದಿಟ್ಟುಕೊಂಡು, ನೀರು ತಾಗಿದರೂ ಕೆಡದ, ಬಾಗಬಲ್ಲ ರಬ್ಬರಿನ ಪಾದವನ್ನು ರೂಪಿಸಿದರು. ದೊಡ್ಡ ಕಾರ್ಖಾನೆಯಲ್ಲ, ಕಮ್ಮಟದ ಅನುಭವವೇ ಇಲ್ಲಿ ಬಂಡವಾಳವಾಯಿತು ಎಂಬುದನ್ನು ಸಣ್ಣ ಕೈಗಾರಿಕೆಯವರು ಗಮನಿಸಬೇಕು.

ಎರಡನೆಯದು 2014ರಲ್ಲಿ ಬಿಡುಗಡೆಯಾದ ಸ್ಮಾರ್ಟ್‌ಕೇನ್. ದೃಷ್ಟಿಹೀನರ ಬಿಳಿ ಕೋಲು ನೆಲದ ಅಡೆತಡೆಯನ್ನು ತಿಳಿಸುತ್ತದೆ. ಆದರೆ ನಿಂತ ಲಾರಿಯ ಹಿಂಭಾಗವನ್ನಾಗಲಿ, ಅಂಗಡಿಯಿಂದ ಚಾಚಿದ ಫಲಕವನ್ನಾಗಲಿ ತಿಳಿಸದು. ನಮ್ಮ ಬಂದರು ಪ್ರದೇಶದ ಬೀದಿಗಳಲ್ಲಿ ನಡೆದವರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ದೆಹಲಿಯ ಐಐಟಿ ತಂಡವು ದೃಷ್ಟಿಹೀನರ ಸೇವಾಸಂಸ್ಥೆ ಸಕ್ಷಮ್ ಟ್ರಸ್ಟ್ ಹಾಗೂ ತಯಾರಕರಾದ ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್‌ನೊಡನೆ ಸೇರಿ, ಶ್ರವಣಾತೀತ ಧ್ವನಿತರಂಗಗಳಿಂದ ಸುಮಾರು 3 ಮೀಟರ್‌ವರೆಗಿನ ಅಡ್ಡಿಯನ್ನು ಗುರುತಿಸುವ ಹಿಡಿಯನ್ನು ಸಿದ್ಧಪಡಿಸಿತು. ಎಚ್ಚರಿಕೆ ಬರುವುದು ಕಂಪನದ ಮೂಲಕ. ವಾಹನದ ಸದ್ದು ಆಲಿಸಲು ಕಿವಿ ಬಿಡುವಾಗಿರಬೇಕಲ್ಲವೇ? ಕಣ್ಣಿದ್ದವನ ಮೇಜಿನ ಮೇಲೆ ಇಂತಹ ವಿವರ ಸುಲಭವಾಗಿ ಹೊಳೆಯುವುದಿಲ್ಲ.

ತೆರಿಗೆಯ ಲೆಕ್ಕ

2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿ ಮೊದಲಾದ ಸಾಧನಗಳಿಗೆ ಶೇ. 5ರ ದರ ವಿಧಿಸಿದ್ದಕ್ಕೆ ಆಕ್ಷೇಪಗಳು ಕೇಳಿಬಂದವು. ಪೂರ್ಣ ವಿನಾಯಿತಿ ಕೊಟ್ಟರೆ ದೇಶೀಯ ತಯಾರಕರಿಗೆ ಕಚ್ಚಾ ಸಾಮಗ್ರಿಯ ತೆರಿಗೆ ಜಮೆ ಸಿಗದೆ, ಆಮದು ವಸ್ತುವೇ ಅಗ್ಗವಾಗುತ್ತದೆ ಎಂಬುದು ಸರ್ಕಾರದ ವಿವರಣೆಯಾಗಿತ್ತು. ವಿಕಲಚೇತನರ ಗಾಡಿಗಳ ಬಿಡಿಭಾಗಗಳ ದರವನ್ನೂ ಜಿಎಸ್‌ಟಿ ಮಂಡಳಿಯು 2018ರ ಡಿಸೆಂಬರ್‌ನಲ್ಲಿ ಶೇ. 28ರಿಂದ ಶೇ. 5ಕ್ಕೆ ಇಳಿಸಿತು.

ಮಾರಾಟದ ದರಕ್ಕಿಂತ ಖರೀದಿಯ ದರ ಹೆಚ್ಚಿದ್ದಾಗ ಉಳಿಯುವ ಜಮೆಯನ್ನು ಕೇಂದ್ರ ಜಿಎಸ್‌ಟಿ ಅಧಿನಿಯಮದ 54(3)ನೆಯ ಪ್ರಕರಣದಡಿ ಮರಳಿ ಪಡೆಯಬಹುದು. ಆದರೆ ಈ ಸೂತ್ರವು ಕಚ್ಚಾ ಸಾಮಗ್ರಿಗೆ ಮಾತ್ರ ಅನ್ವಯ. ಬಂಡವಾಳ ಸರಕಿನ ತೆರಿಗೆ ಅದರಲ್ಲಿ ಸೇರದು. ಸೇವೆಗಳ ಮೇಲಿನ ತೆರಿಗೆಯೂ ಸೇರದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಉದಾಹರಣೆಗೆ, ರೂ. 4 ಲಕ್ಷದ ಅಚ್ಚಿಗೆ ಶೇ. 18ರಂತೆ ತೆರಿಗೆ ರೂ. 72,000. ವಿನ್ಯಾಸ ತಪ್ಪಿ ಅಚ್ಚನ್ನು ಮೂಲೆಗೆಸೆದರೆ ಅಷ್ಟೂ ಬಂಡವಾಳ ನಷ್ಟ; ತೆರಿಗೆಯ ಜಮೆಯೋ ಶೇ. 5ರ ಮಾರಾಟದಲ್ಲಿ ನಿಧಾನವಾಗಿ ಕರಗಬೇಕು. ಇದಕ್ಕೆ ಪ್ರತಿಯಾಗಿ, ಆರು ಮಂದಿ ಬಳಕೆದಾರರನ್ನು ಎರಡು ದಿನ ಕರೆಸಿ, ದಿನಕ್ಕೆ ಸಂಭಾವನೆ ಮತ್ತು ಪ್ರಯಾಣಭತ್ಯೆಯೆಂದು ತಲಾ ರೂ. 1,500 ಕೊಟ್ಟರೂ ತಗಲುವುದು ರೂ. 18,000. ಯಾವುದು ಲಾಭಕರವೆಂದು ಹೇಳಲು ಲೆಕ್ಕಪರಿಶೋಧಕ ಬೇಕಿಲ್ಲ.

ಅನುಸರಿಸಬಹುದಾದ ಕ್ರಮ

1. ನಕ್ಷೆ ಹಾಕುವ ಮೊದಲು ಬಳಕೆದಾರರ ಮನೆ, ದಾರಿ, ಉದ್ಯೋಗಸ್ಥಳವನ್ನು ನೋಡಿರಿ. ಏರುತಗ್ಗು, ಹೊಸ್ತಿಲು, ಮಳೆಗಾಲ ಇವು ನಮ್ಮ ಜಿಲ್ಲೆಯ ವಿನ್ಯಾಸದ ಮುಖ್ಯ ಅಂಶಗಳು.

2. ಅಳತೆ ಹಿಡಿಯದೆ ದರ್ಜಿಯೂ ಬಟ್ಟೆ ಕತ್ತರಿಸುವುದಿಲ್ಲ. ಅಳತೆ ತಪ್ಪಿದ ಗಾಲಿಕುರ್ಚಿಯಿಂದ ಮೈಯಲ್ಲಿ ಒತ್ತುಹುಣ್ಣಾಗುವ ಅಪಾಯವಿದೆ. ಬಳಕೆದಾರರ ಪರಿಶೀಲನೆ, ಹೊಂದಾಣಿಕೆ, ತರಬೇತಿ, ದುರಸ್ತಿ ಎಲ್ಲವೂ ಸೇವೆಯ ಭಾಗವೆಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಹೇಳುತ್ತದೆ.

3. ಅಚ್ಚಿಗೆ ಮುನ್ನ ಅಗ್ಗದ ಮಾದರಿ ಮಾಡಿ, ಕೆಲವು ವಾರ ಬಳಸಲು ಕೊಡಿರಿ. ದೋಷ ಹೇಳಿದವರಿಗೂ ಸಂಭಾವನೆ ಸಲ್ಲಲಿ. ಅದು ಉಪಕಾರವಲ್ಲ, ವೃತ್ತಿ ಸಲಹೆ.

4. ಅನುಭವಿ ಸಂಸ್ಥೆಗಳನ್ನು ಸಂಪರ್ಕಿಸಿರಿ. ಬೆಂಗಳೂರಿನಲ್ಲಿ 1959ರಿಂದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಿಂದ ಮೊಬಿಲಿಟಿ ಇಂಡಿಯಾ ಈ ಕ್ಷೇತ್ರದಲ್ಲಿವೆ.

5. ಬಿಡಿಭಾಗ ಮತ್ತು ದುರಸ್ತಿಯನ್ನು ಮರೆಯದಿರಿ. ಪೂರ್ಣ ಕುರ್ಚಿ ತಯಾರಿಸಲಾಗದವರೂ ತುಕ್ಕು ಹಿಡಿಯದ ಅಚ್ಚುಕೋಲು, ಚಕ್ರ, ಊರುಗೋಲಿನ ರಬ್ಬರ್ ತುದಿಗಳನ್ನು ಪೂರೈಸಬಹುದು.

ಬೈಕಂಪಾಡಿ, ಯೆಯ್ಯಾಡಿಗಳ ನಮ್ಮ ಸಣ್ಣ ಘಟಕಗಳಿಗೆ ಈ ಕೆಲಸದ ಕೌಶಲ ಹೊಸದೇನಲ್ಲ. ಹೊಸದಾಗಿ ಬೇಕಾದದ್ದು ಕೇಳುವ ವ್ಯವಧಾನ. ಸೇವಾ ಸಂಸ್ಥೆಗಳ ಖರೀದಿ ಸಮಿತಿಗಳಲ್ಲಿರುವ ಸದಸ್ಯರಲ್ಲೂ ಒಂದು ವಿನಂತಿ: ಮುಂದಿನ ಬಾರಿ ದರಪಟ್ಟಿಗೆ ಸಹಿ ಹಾಕುವ ಮುನ್ನ, ಆ ಕುರ್ಚಿಯಲ್ಲಿ ಕೂರಬೇಕಾದವರನ್ನೇ ಸಭೆಗೆ ಆಹ್ವಾನಿಸಿರಿ. ಅಂದು ನಾನು ಮಾಡದೆ ಬಿಟ್ಟದ್ದು ಅದನ್ನೇ.