ನಳಿಕೆ ಬದಲಿಸಿದರೆ ಹಳೆಯ ಲಿವರ್ ರೈಫಲ್ ಯಾವ ಗುಂಡನ್ನಾದರೂ ಹಾರಿಸುತ್ತದೆಯೇ?

“ಹಳೆಯ ಬೇಟೆ ರೈಫಲ್‌ಗೆ ಬೇರೆ ನಳಿಕೆ ಹಾಕಿಸಿದರೆ ಸಾಕು, ಶಕ್ತಿಶಾಲಿ ಗುಂಡೂ ಹಾರುತ್ತದೆ” ಎನ್ನುವ ಮಾತು ವಿಡಿಯೊಗಳ ಜೊತೆ ಫಾರ್ವರ್ಡ್ ಆಗುತ್ತಿರುತ್ತದೆ. “ಕಾಡತೂಸು ಒಳಗೆ ಕೂತರೆ ಆಯಿತು” ಎನ್ನುವವರೂ ಇದ್ದಾರೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಕೈ, ಕಣ್ಣು ಕಳೆಯುವಂಥ ಸುಳ್ಳು.

ಲಿವರ್ ರೈಫಲ್ ಎಂದರೆ ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಬಂದೂಕು. ಟ್ರಿಗರ್ ಸುತ್ತಲಿನ ಬಳೆಯಂಥ ಹಿಡಿಯನ್ನು ಕೆಳಗೆ ತಳ್ಳಿ ಮೇಲೆತ್ತಿದರೆ ಖಾಲಿ ಕಾಡತೂಸು ಹೊರಬಿದ್ದು ಹೊಸದು ಒಳಸೇರುತ್ತದೆ. ಅಮೆರಿಕದಲ್ಲಿ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1894 ಇವುಗಳಲ್ಲಿ ಬಹಳ ಹೆಸರು ಮಾಡಿದೆ.

ಗೊಂದಲ ಶುರುವಾಗುವುದು ಕ್ಯಾಲಿಬರ್ ಎಂಬ ಪದದಿಂದ. ಅದು ಗುಂಡಿನ ದಪ್ಪವನ್ನು ಹೇಳುತ್ತದೆ, ಅದೂ ಅಂದಾಜಾಗಿ. ಈ ರೈಫಲ್‌ನ .30-30 ಕಾಡತೂಸನ್ನೂ .308 ವಿಂಚೆಸ್ಟರ್ ಎಂಬ ಕಾಡತೂಸನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರ ಗುಂಡೂ 0.308 ಇಂಚು, ಅಂದರೆ ಸುಮಾರು 7.8 ಮಿ.ಮೀ. ದಪ್ಪ. ಆದರೆ ಅಮೆರಿಕದ ಉದ್ಯಮ ಮಾನದಂಡದಲ್ಲಿ ಮೊದಲನೆಯದರ ಗರಿಷ್ಠ ಒತ್ತಡ 42,000 ಪಿಎಸ್‌ಐ, ಎರಡನೆಯದರದ್ದು 62,000. (ಇಲ್ಲಿ ಪಿಎಸ್‌ಐ ಎಂದರೆ ಪೊಲೀಸ್ ಅಧಿಕಾರಿಯಲ್ಲ, ಒತ್ತಡದ ಅಳತೆ. ನಿಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 30.)

ಮದ್ದು ಉರಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಅದೇ ಒತ್ತಡ ಕಾಡತೂಸನ್ನು ಹಿಂದಕ್ಕೂ ನೂಕುತ್ತದೆ. ಆ ಏಟನ್ನು ತಡೆಯುವುದು ಹಿಂದಿರುವ ಬೋಲ್ಟ್ ಮತ್ತು ಅದನ್ನು ಹೊತ್ತ ಉಕ್ಕಿನ ಚೌಕಟ್ಟು. ಎರಡೂ ಇರುವುದು ಬಂದೂಕು ಹಿಡಿದವರ ಮುಖದ ಹತ್ತಿರವೇ. ನಳಿಕೆ ಬದಲಿಸಿದರೆ ಇವು ಬಲವಾಗುವುದಿಲ್ಲ.

‘ಒಳಗೆ ಕೂತರೆ ಸಾಕು’ ಎನ್ನುವವರಿಗೆ ನಾವು ತೋರಿಸಬಯಸುವುದು .38-55 ಎಂಬ ಹಳೆಯ ಕಾಡತೂಸನ್ನು. 1978ರಲ್ಲಿ ವಿಂಚೆಸ್ಟರ್ ಕಂಪನಿ .375 ವಿಂಚೆಸ್ಟರ್ ಎಂಬ ಹೊಸದನ್ನು ತಂದಿತು. ಆಕಾರ ಹೆಚ್ಚುಕಡಿಮೆ .38-55ನದ್ದೇ, ಹೆಸರು ಬೇರೆ, ಒತ್ತಡ ಬಹಳ ಜಾಸ್ತಿ. ಅದಕ್ಕೆಂದೇ ಕಂಪನಿ ರೈಫಲ್‌ನ ಚೌಕಟ್ಟನ್ನು ಹಿಂಭಾಗದಲ್ಲಿ ದಪ್ಪ ಮಾಡಿ ‘ಬಿಗ್ ಬೋರ್’ ಮಾದರಿ ತಯಾರಿಸಿತು. ಈ ಹೊಸ ಕಾಡತೂಸು .38-55ರ ಹಳೆಯ ರೈಫಲ್‌ಗಳೊಳಗೂ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ.

ಒತ್ತಡ ಸರಿಹೋದರೂ ಉಳಿದ ಭಾಗಗಳು ಒಪ್ಪಬೇಕು. ಉದ್ದನೆಯ ಕಾಡತೂಸು ಒಳದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಂಚಿನ ಅಳತೆ ಬೇರೆಯಾದರೆ ಬೋಲ್ಟ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಈ ರೈಫಲ್‌ನಲ್ಲಿ ನಳಿಕೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ರೈಲು ಬೋಗಿಗಳಂತೆ ಒಂದರ ಹಿಂದೊಂದು ನಿಲ್ಲುತ್ತವೆ. ಹಿಂದಿನದರ ಮೂತಿ ಮುಂದಿನದರ ತಳಕ್ಕೆ ತಾಗಿರುತ್ತದೆ. ಕಿಡಿ ಹುಟ್ಟಿಸುವ ಭಾಗ ಇರುವುದು ಆ ತಳದಲ್ಲೇ! ಗಟ್ಟಿಯಾದ ಚೂಪು ಮೂತಿಯ ಗುಂಡು ತುಂಬಿದರೆ, ಹಾರಿಸಿದಾಗಿನ ಅದುರಿಗೆ ಕೊಳವೆಯೊಳಗೇ ಸ್ಫೋಟವಾಗಬಹುದು. ಇವುಗಳಿಗೆ ಚಪ್ಪಟೆ ಅಥವಾ ದುಂಡು ಮೂತಿಯ ಗುಂಡು ಬಳಸುವುದು ಈ ಕಾರಣಕ್ಕೆ.

ಹಾಗಾದರೆ ಅರ್ಧ ಸತ್ಯ ಯಾವುದು? ಅಮೆರಿಕದಲ್ಲಿ ನುರಿತ ಬಂದೂಕು ತಯಾರಕರು .30-30 ರೈಫಲ್‌ನ ನಳಿಕೆಯನ್ನೇ ಕೊರೆದು ಅಗಲಿಸಿ .38-55ಕ್ಕೆ ಹೊಂದಿಸುವುದುಂಟು. .30-30 ಹುಟ್ಟಿದ್ದೇ .38-55ರಿಂದ, ಎರಡರ ತಳದ ಅಂಚೂ ಒಂದೇ ಅಳತೆ, ಹಾಗಾಗಿ ಬೋಲ್ಟ್ ಬದಲಿಸಬೇಕಿಲ್ಲ. ಮೇಲಾಗಿ .38-55ರ ಒತ್ತಡ ಕಡಿಮೆ. ಅಂದರೆ ಇಲ್ಲಿ ಗುಂಡು ದಪ್ಪವಾಯಿತು, ರೈಫಲ್ ಮೇಲಿನ ಹೊರೆ ಏರಲಿಲ್ಲ. ಕೆಲಸ ಮುಗಿದ ಮೇಲೆ ನಳಿಕೆಯ ಮೇಲಿನ ಹಳೆಯ ಗುರುತು ತೆಗೆದು ಹೊಸ ಕ್ಯಾಲಿಬರ್ ಕೆತ್ತಬೇಕು. ಇಲ್ಲದಿದ್ದರೆ ಮುಂದೆ ಆ ಬಂದೂಕು ಯಾರ ಕೈಗೆ ಹೋಗುತ್ತದೋ ಅವರು ತಪ್ಪು ಕಾಡತೂಸು ತುಂಬುತ್ತಾರೆ.

ನಮ್ಮಲ್ಲಿ ಇಂಥ ವಿಡಿಯೊ ನೋಡಿ ಯಾರಾದರೂ ವರ್ಕ್‌ಶಾಪ್ ಹುಡುಕುತ್ತಿದ್ದರೆ ಅವರಿಗೆ ಇದನ್ನೂ ಕಳಿಸಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಕೆಗೆ, ಮಾರ್ಪಾಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಅದರ ಕ್ಯಾಲಿಬರ್ ಬದಲಿಸುವುದಕ್ಕಲ್ಲ.